ಮಣ್ಣೆತ್ತಿನಿಂದ ಮೊದಲಾದ ಕೈವಿದ್ಯೆ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಹಬ್ಬಿರುವುದು ಎರೆಭೂಮಿ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ, ಮೊದಲ ಮಳೆ ಬಿದ್ದೊಡನೆ ಕಾಲಿಗೆ ಅಂಟಿ ಬರುವ ಈ ಮಣ್ಣು ಜೋಳ ಹತ್ತಿಗಳನ್ನು ಬೆಳೆದು ರೈತನನ್ನು ಪೋಷಿಸಿದುದು ಸರ್ವವಿದಿತವಾದ ಸಂಗತಿ. ಆದರೆ ಇದೇ ಮಣ್ಣು ಈ ಸೀಮೆಯ ಶಿಶುಗಳಿಗೆ, ಅವರು ಶಾಲೆಯ ಹೊಸ್ತಿಲನ್ನು ತುಳಿಯುವುದಕ್ಕೆ ಮೊದಲೇ, ತಲೆತಲಾಂತರಗಳಿಂದ ಬೆರಳುಗಳ ಪ್ರಥಮ ಪಾಠವನ್ನು ಹೇಳಿಕೊಟ್ಟಿತೆಂಬುದು ನಮ್ಮ ನಾಡಿನ ಶಿಕ್ಷಣದ ಇತಿಹಾಸದಲ್ಲಿ ಸೇರಲೇಬೇಕಾದ ವಿಷಯವಾಗಿದೆ.

ಕಾರಹುಣ್ಣಿಮೆಯಂದು ಮನೆಯ ಎತ್ತುಗಳ ಕೋಡಿಗೆ ಬಣ್ಣ ಬಳಿದು ಮೆರೆಸಿದ ಊರು, ಅದಾದ ಹದಿನೈದು ದಿನಕ್ಕೆ, ಜ್ಯೇಷ್ಠ ಮಾಸದ ಕೊನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯನ್ನು ಆಚರಿಸುತ್ತದೆ. ಹಳ್ಳದ ದಂಡೆಯಿಂದ ಮಣ್ಣು ಮನೆಗೆ ಬಂದೊಡನೆ ಮಕ್ಕಳ ಕೆಲಸ ಮೊದಲಾಗುವುದು. ಹರಳುಗಳನ್ನು ಹೆಬ್ಬೆರಳು ತೋರುಬೆರಳುಗಳ ತುದಿಯಿಂದ ಆರಿಸಿ ತೆಗೆಯುವುದು, ನೀರು ಚಿಮುಕಿಸಿ ಅಂಗೈಯಿಂದ ನಾದುವುದು, ಉಂಡೆಯನ್ನು ನೀಳವಾಗಿ ತೀಡಿ ನಾಲ್ಕು ಕಾಲು ಮೂಡಿಸುವುದು, ಬೆನ್ನ ಮೇಲಿನ ಮಣ್ಣನ್ನು ಚಿವುಟಿ ಡುಬ್ಬವನ್ನೂ ನೆತ್ತಿಯ ಮೇಲಿನದನ್ನು ಎಳೆದು ಕೋಡನ್ನೂ ಮಾಡುವುದು, ಕಟ್ಟಕಡೆಗೆ ಜೋಳದ ಕಾಳೊಂದನ್ನು ಮೆಲ್ಲನೆ ಒತ್ತಿ ಕಣ್ಣಿಡುವುದು. ಎರೆಮಣ್ಣು ಆರುತ್ತ ಬಂದಂತೆ ಸೀಳುವುದರಿಂದ ಒದ್ದೆ ಬೆರಳನ್ನು ಆಡಿಸಿ ಬಿರುಕನ್ನು ಸವರಬೇಕು. ಬಲ ಹೆಚ್ಚಾದರೆ ಕೋಡು ಮುರಿಯುವುದು, ಕಡಿಮೆಯಾದರೆ ಬಿರುಕು ಉಳಿಯುವುದು. ಮೂರು ವರ್ಷದ ಕೂಸಿಗೆ ಎತ್ತು ಒಲಿಯದಿದ್ದರೂ, ಹೆಬ್ಬೆರಳಿನಿಂದ ತಗ್ಗು ಮಾಡಿದರೆ ಸಿದ್ಧವಾಗುವ ಗ್ವಾದಲಿ, ಎಂದರೆ ಎತ್ತಿನ ಮೇವಿನ ತೊಟ್ಟಿ, ಒಲಿಯುವುದು.

ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಾಡಿ ಪೂಜಿಸುವ ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿಯನ್ನೂ ಕುಸುಬಿಯ ಕಾಳನ್ನೂ ಒಂದೊಂದಾಗಿ ಹಚ್ಚಿ ಸಿಂಗರಿಸುವಲ್ಲಿ ಬೆರಳ ತುದಿಗೆ ಇನ್ನೂ ಸೂಕ್ಷ್ಮವಾದ ಅಭ್ಯಾಸ ದೊರೆಯುತ್ತದೆ. ಶ್ರಾವಣದ ನಾಗರಪಂಚಮಿಗೆ ಮಣ್ಣನ್ನು ಎರಡು ಅಂಗೈಗಳ ನಡುವೆ ಹೊಸೆದು ನಾಗಪ್ಪನ ಸುರುಳಿ ಸುತ್ತಬೇಕಾಗುತ್ತದೆ. ಹೀಗೆ ಮುಂಗಾರಿನ ಸುಮಾರು ಐದು ವಾರಗಳ ಅವಧಿಯಲ್ಲಿ ಚಿವುಟುವುದು, ಹಚ್ಚುವುದು, ಹೊಸೆಯುವುದು ಎಂಬ ಮೂರು ಬಗೆಯ ಕೈಚಳಕವೂ ಮಗುವಿಗೆ ಕ್ರಮವಾಗಿ ಒದಗುತ್ತಿದ್ದಿತು. ಉಳಿದ ಕಾಲದಲ್ಲಿ ಅಜ್ಜಿಯ ಮಗ್ಗುಲಿಗೆ ಕುಳಿತು ಹತ್ತಿಯ ಬತ್ತಿ ಹೊಸೆಯುವುದೂ, ಶೇಂಗಾ ಸುಲಿಯುವುದೂ, ಹುಣಸೆಬೀಜಗಳಿಂದ ಚೌಕಾಬಾರ ಆಡುವುದೂ ಇದ್ದೇ ಇದ್ದವು. ಇಂಥ ಮಗು ಮುಂದೆ ಊರಿನ ಗಾವಠಿ ಶಾಲೆಗೆ ಹೋಗಿ, ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದತೊಡಗಿದಾಗ, ಆ ಬೆರಳು ಆಗಲೇ ಪಳಗಿದ ಬೆರಳಾಗಿರುತ್ತಿದ್ದಿತು. ನವಲಗುಂದದ ಹೆಣ್ಣುಮಕ್ಕಳು ಜಮಖಾನದಲ್ಲಿ ನೇಯ್ದ ನವಿಲುಗಳನ್ನೂ ಪಗಡೆಯ ಹಾಸನ್ನೂ, ಕಲಘಟಗಿಯ ಚಿತ್ರಗಾರರು ತೊಟ್ಟಿಲ ಮೇಲೆ ಬರೆದ ಬಣ್ಣದ ಚಿತ್ರಗಳನ್ನೂ ನೋಡುವವರು, ಕೈಗೆ ಇಷ್ಟೊಂದು ಗೌರವವಿದ್ದ ನಾಡು ಇದೆಂಬುದನ್ನು ಸುಲಭವಾಗಿ ಅರಿಯಬಲ್ಲರು.

ಜರ್ಮನಿಯಲ್ಲಿ ಫ್ರೋಬೆಲನು 1837ರಲ್ಲಿ ಶಿಶುವಿಹಾರಕ್ಕೆ ಅಸ್ತಿವಾರ ಹಾಕಿ ಮಕ್ಕಳ ಕೈಗೆ ಮಣ್ಣನ್ನೂ ಮರದ ತುಂಡುಗಳನ್ನೂ ಕೊಟ್ಟನು. ರೋಮಿನಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮಾಂಟೆಸ್ಸೊರಿಯವರು ಕೈಯೇ ಬುದ್ಧಿಯ ಬಾಗಿಲೆಂಬುದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿ, 1939ರಲ್ಲಿ ಮದ್ರಾಸಿನ ಅಡ್ಯಾರಕ್ಕೆ ಬಂದು ನಮ್ಮ ಶಿಕ್ಷಕರಿಗೆ ತರಬೇತಿಯನ್ನಿತ್ತರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಬಾಲಮಂದಿರವನ್ನು ಸ್ಥಾಪಿಸಿದ್ದರು. ಈ ಮಹನೀಯರಿಗೆ ನಾವು ಋಣಿಗಳು. ಆದರೆ ನಮ್ಮ ಹಳ್ಳಿಯ ಸಂಪ್ರದಾಯದಲ್ಲಿ ಅವರ ಪದ್ಧತಿಗಳಿಗಿಂತ ಬೇರೆಯಾದ ಒಂದು ಗುಣವುಂಟು. ಮಗು ಮಾಡಿದ ಎತ್ತು, ಅದರ ಕಾಲು ಸೊಟ್ಟಗಿರಲಿ, ಕೋಡು ಗಿಡ್ಡವಾಗಿರಲಿ, ದೇವರ ಜಗಲಿಯನ್ನೇರುತ್ತದೆ. ಮನೆಯ ಹಿರಿಯರು ಅದಕ್ಕೆ ವಿಭೂತಿ ಕುಂಕುಮ ಹಚ್ಚಿ, ಹೋಳಿಗೆಯ ಎಡೆ ಹಿಡಿದು, ಕೈಮುಗಿಯುತ್ತಾರೆ. ತನ್ನ ಕೈಯ ಕೆಲಸಕ್ಕೆ ಅಪ್ಪ, ಅವ್ವ, ಅಜ್ಜ ತಲೆಬಾಗಿದುದನ್ನು ಕಂಡ ಕೂಸಿಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹವು ಬೇರಾವುದಿದ್ದೀತು?

ಕುಂಬಾರರು ಮನೆಮನೆಗೆ ಎತ್ತು ಕೊಟ್ಟು ಕಾಳು ಪಡೆಯುವ ವಾಡಿಕೆ ಮೊದಲಿನಿಂದಲೂ ಇದ್ದಿತು. ಆಗಲೂ ಮಕ್ಕಳು ತಮ್ಮ ಪಾಲಿನ ಮಣ್ಣನ್ನು ಬಿಟ್ಟುಕೊಟ್ಟವರಲ್ಲ. ಈಗ ಅಚ್ಚಿನಲ್ಲಿ ಎರಕಹೊಯ್ದು ಬಣ್ಣ ಬಳಿದ ಎತ್ತುಗಳು ಸಂತೆಗೆ ಬರುತ್ತವೆ, ಹಟ ಮಾಡುವ ಕೂಸಿನ ಕೈಗೆ ಮೊಬೈಲು ಬರುತ್ತದೆ, ಹೊಲದಲ್ಲಿ ಎತ್ತಿನ ಬದಲು ಟ್ರ್ಯಾಕ್ಟರು ಓಡಾಡುತ್ತದೆ. ಕಾಲದ ಗತಿಯನ್ನು ತಡೆಯುವುದು ಅಸಾಧ್ಯವಾದರೂ ಹಬ್ಬದ ದಿನ ಒಂದು ಹಿಡಿ ಮಣ್ಣು ತರುವುದು ಯಾವ ತಾಯ್ತಂದೆಗಳಿಗೂ ಅಸಾಧ್ಯವಲ್ಲ. ಕೊಂಡು ತಂದ ಜೋಡೆತ್ತಿನ ಪಕ್ಕದಲ್ಲಿ ಮಗು ಮಾಡಿದುದನ್ನೂ, ತಿದ್ದದೆ, ನಗದೆ, ಇದ್ದ ಹಾಗೆಯೇ ಇಟ್ಟು ಪೂಜಿಸಿರಿ: ಬೆರಳಿಗೆ ಬೇಕಾದ ಪಾಠವನ್ನು ಮಣ್ಣು ಹೇಳಿಕೊಟ್ಟೀತು, ಮನಸ್ಸಿಗೆ ಬೇಕಾದ ಧೈರ್ಯವನ್ನು ಮಾತ್ರ ಮನೆಯವರೇ ಕೊಡಬೇಕು.