ಬಡವರ ಕ್ಯಾಮೆರಾದಲ್ಲಿ ಉಳಿದ ಮುಖಗಳು

ಔರಾದ್‌ನ ನಮ್ಮ ಬಂಧುಗಳ ಮನೆಯಲ್ಲಿ ಹಳೆಯ ಜಂತ್ರಿಯೊಂದರ ಹಾಳೆಗಳ ನಡುವೆ ದಾದಾ ಅವರ ಫೋಟೊ ಇದೆ. ಅಂಗೈಗಿಂತ ಚಿಕ್ಕ ಚೌಕ, ಕಪ್ಪು ಬಿಳುಪು. ಬೇವಿನ ಮರದ ಪಕ್ಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಅವರ ಮುಖವನ್ನು ನಾವು ಬಲ್ಲುದು ಇದೊಂದರಿಂದಲೇ.

ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯಕ್ಕೆ ಕ್ಯಾಮೆರಾ ಹೊಸತೇನಲ್ಲ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ದರ್ಬಾರಿನಲ್ಲಿ ರಾಜಾ ದೀನ್ ದಯಾಳರಂಥ (1844-1905) ಛಾಯಾಗ್ರಾಹಕರಿದ್ದರು. ಗುಲಾಮ್ ಯಜ್ದಾನಿಯವರು 1947ರಲ್ಲಿ ಬೀದರಿನ ಚರಿತ್ರೆ, ಸ್ಮಾರಕಗಳ ಕುರಿತು ಹೊರತಂದ ಗ್ರಂಥದಲ್ಲಿ ಕೋಟೆಯ, ಮಹಮೂದ್ ಗಾವಾನರ ಮದರಸಾದ ಚಿತ್ರಗಳಿವೆ. ಕಲ್ಲುಗಳಿಗೆ ಸಿಕ್ಕ ಭಾಗ್ಯ ಮನುಷ್ಯರಿಗೆ ಸಿಗಲಿಲ್ಲ. ಮರುವರ್ಷ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಡೆದ ಹಿಂಸೆಯಲ್ಲಿ ತೀರಾ ನೊಂದ ಜಿಲ್ಲೆಗಳ ಸಾಲಿಗೆ ಸುಂದರಲಾಲ್ ಸಮಿತಿ ಬೀದರನ್ನೂ ಸೇರಿಸಿತು. ಆಗ ಹೋದ ಎಷ್ಟೋ ಜನರದು ತೋರಿಸಲು ಒಂದು ಚಿತ್ರವೂ ಇಲ್ಲ.

ದಾದಾ ಅವರನ್ನು ನಮ್ಮ ಮಾಮೂ ಸೆರೆಹಿಡಿದದ್ದು ಆಗ್ಫಾ ಕ್ಲಿಕ್-3ರಲ್ಲಿ. ಬರೋಡಾದಲ್ಲಿ ತಯಾರಾಗುತ್ತಿದ್ದ ಸಾದಾ ಡಬ್ಬಿ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ರೋಲಿಗೆ 12 ಚಿತ್ರ. 10 ಅಡಿಗಿಂತ ಹತ್ತಿರ ಬಂದರೆ ಮುಖ ಮಸುಕು, ಸಂಜೆಯಾದರೆ ಕೆಲಸ ಬಂದ್. ಆದರೆ ಕೆಡುವಂಥದ್ದು ಅದರೊಳಗೆ ಹೆಚ್ಚೇನೂ ಇರಲಿಲ್ಲ. ಔರಾದ್‌ನ ಧೂಳಿನಲ್ಲಿ ಅದೇ ಅದರ ಬಲ. ಕೊಡಕ್ ರೋಲು ಕೈಗೆಟುಕದಿದ್ದರೆ ಊಟಿಯ ಸರ್ಕಾರಿ ಕಾರ್ಖಾನೆಯ ‘ಇಂದು’ ಇತ್ತು. 1967ರಲ್ಲಿ ಉತ್ಪಾದನೆ ಶುರುವಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು.

ಸ್ಟುಡಿಯೊಗಳ ಕನಸು ಜರ್ಮನಿಯ ರೋಲಿಫ್ಲೆಕ್ಸ್. ಅದರದೇ ಎರಡು ಕಣ್ಣಿನ ಮಾದರಿಯಲ್ಲಿ ಜಪಾನಿನ ಯಾಶಿಕಾ, ಚೀನಾದ ಸೀಗಲ್ ಕಡಿಮೆ ಬೆಲೆಗೆ ಬಂದವು. ಮದುವೆಯ ಗಿರಾಕಿ ಕ್ಯಾಮೆರಾದ ಹೆಸರು ಕೇಳುತ್ತಿರಲಿಲ್ಲ, ಬಿಡಿ. ವಿದೇಶಿ ಮಾಲಿನ ಮೇಲೆ ಸುಂಕ ವಿಪರೀತವಿದ್ದ ಕಾಲದಲ್ಲಿ ಕೊಲ್ಲಿಯಿಂದ ಬಂದವರ ಪೆಟ್ಟಿಗೆಯಲ್ಲಿ ಅತ್ತರಿನ ಜೊತೆ ಕ್ಯಾಮೆರಾವನ್ನೂ ಹುಡುಕುತ್ತಿದ್ದೆವು.

ಭಾಲ್ಕಿಯ ಖಾಲಾ ಅವರ ಮದುವೆಗೆ ಅಂಥದ್ದೇ ದುಬಾರಿ ಕ್ಯಾಮೆರಾ, ಬಣ್ಣದ ಫಿಲ್ಮು. ಕಲರ್ ಪ್ರಿಂಟಿನ ನೀಲಿ ಛಾಯೆ ಹಲವು ಸಲ ಮೊದಲು ಸೋಲುತ್ತದೆ. ಇಂದು ಆ ಆಲ್ಬಮ್ಮಿನಲ್ಲಿ ದುಲ್ಹನ್, ಖಾಜಿ ಸಾಹೇಬರು, ಬಿರಿಯಾನಿಯ ದೇಗ್ ಎಲ್ಲವೂ ಒಂದೇ ಕೆಂಪು. ಕಪ್ಪು ಬಿಳುಪಿನ ಚಿತ್ರವಾದರೋ ಬೆಳ್ಳಿಯದು. ಚೆನ್ನಾಗಿ ತೊಳೆದು ಒಣಗಿಸಿದ್ದರೆ ಸುಲಭಕ್ಕೆ ಅಳಿಯುವುದಿಲ್ಲ.

ಕ್ಲಿಕ್-3ರ ನೆಗೆಟಿವ್ ಯಾವಾಗಲೋ ಕಳೆದುಹೋಯಿತು. ಊಟಿಯ ಕಾರ್ಖಾನೆಯೂ ಮುಚ್ಚಿತು. ಮೊನ್ನೆ ದಾದಾ ಚಿತ್ರವನ್ನು ಬೀದರಿನ ಅಂಗಡಿಯೊಂದಕ್ಕೆ ಒಯ್ದು ದೊಡ್ಡದು ಮಾಡಿಸಿಕೊಂಡು ಬರುತ್ತೇವೆಂದೆವು. ಫೂಫಿ ಒಪ್ಪಲಿಲ್ಲ. ಕೊನೆಗೆ ಅಂಗಳದ ಬಿಸಿಲಿನಲ್ಲಿ ಜಂತ್ರಿಯ ಮೇಲೆಯೇ ಅದನ್ನಿಟ್ಟು, ಫೂಫಿ ಅಂಚು ಹಿಡಿದುಕೊಂಡರು. ನಾವು ಮೊಬೈಲಿನಲ್ಲಿ ತೆಗೆದುಕೊಂಡೆವು.