ಬಿಸಿಲು ಕಾಣದ ಬಟ್ಟೆ: ಉತ್ತರ ಕನ್ನಡದ ನಾಲ್ಕು ತಾಲೂಕುಗಳಲ್ಲಿ ಮರುಬಳಕೆಯ ಮುಟ್ಟಿನ ಸಾಧನಗಳೂ ಆರೋಗ್ಯ ಕಾರ್ಯಕರ್ತೆಯರ ಅರಿವೂ

ಒಗೆದು ಮತ್ತೆ ಬಳಸುವ ಹಳೆಯ ಬಟ್ಟೆ, ಪದರವಿಟ್ಟು ಹೊಲಿದ ಬಟ್ಟೆಯ ಪ್ಯಾಡು, ಸಿಲಿಕೋನಿನ ಮುಟ್ಟಿನ ಕಪ್ಪು ಇವುಗಳ ವಿಷಯದಲ್ಲಿ ನಮ್ಮ ಗ್ರಾಮೀಣ ಆರೋಗ್ಯ ಕಾರ್ಯಕರ್ತೆಯರಿಗೆ ಅರಿವು ಸಾಲದೆಂಬ ಅಭಿಪ್ರಾಯವು ಸಾರ್ವಜನಿಕ ಆರೋಗ್ಯದ ಬರವಣಿಗೆಯಲ್ಲಿ ಮತ್ತೆ ಮತ್ತೆ ಉಚ್ಚರಿಸಲ್ಪಟ್ಟು, ಈಗ ಬಹುಮಟ್ಟಿಗೆ ಪ್ರಮಾಣವನ್ನೇ ಅಪೇಕ್ಷಿಸದ ಸಿದ್ಧಾಂತದಂತೆ ನೆಲೆಗೊಂಡಿದೆ. ಈ ಅಭಿಪ್ರಾಯವು ಪೂರ್ಣವಾಗಿ ಅಸತ್ಯವೆಂದು ಪ್ರಸ್ತುತ ಲೇಖಕನ ವಾದವಲ್ಲ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳ ನೆಲವನ್ನೂ ಮಳೆಯನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಅಜ್ಞಾನವೆಂದು ನಾವು ಗುರುತಿಸುತ್ತಿರುವುದರಲ್ಲಿ ಒಂದು ದೊಡ್ಡ ಭಾಗ ಕಾರ್ಯಕರ್ತೆಯದಲ್ಲ, ಅವಳ ಕೈಗೆ ಕೊಟ್ಟ ಉಪದೇಶದ್ದು ಎಂದು ತೋರುತ್ತದೆ.

ಸರ್ವಸಮ್ಮತವಾದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆ ಹಳ್ಳಿಗೆ ಬಂದಳು. 2011ರ ಕೇಂದ್ರದ ಮುಟ್ಟಿನ ನೈರ್ಮಲ್ಯ ಯೋಜನೆಯಲ್ಲಿ ಆರು ಪ್ಯಾಡುಗಳ ಪೊಟ್ಟಣವನ್ನು ಆರು ರೂಪಾಯಿಗೆ ಮನೆಮನೆಗೆ ಮುಟ್ಟಿಸುವ ಕೆಲಸ ಅವಳ ಪಾಲಾಯಿತು. ಮಾರಿದ ಪೊಟ್ಟಣವೊಂದಕ್ಕೆ ಒಂದು ರೂಪಾಯಿ ಪ್ರೋತ್ಸಾಹಧನ, ತಿಂಗಳಿಗೊಂದು ಪೊಟ್ಟಣ ಉಚಿತ. ಕರ್ನಾಟಕ ಸರ್ಕಾರವು 2013-14ರಲ್ಲಿ ಆರಂಭಿಸಿ, ನಡುವೆ ಕೆಲವು ವರ್ಷ ನಿಲ್ಲಿಸಿ, ಪುನಃ ಕೈಗೆತ್ತಿಕೊಂಡ ಶುಚಿ ಯೋಜನೆಯೂ ಕಿಶೋರಿಯರಿಗೆ ಹಂಚಿದ್ದು ಬಳಸಿ ಬಿಸಾಡುವ ಪ್ಯಾಡನ್ನೇ. ಹೀಗೆ ಒಂದು ಸಾಧನಕ್ಕೆ ಪೊಟ್ಟಣವೂ ಲೆಕ್ಕದ ಪುಸ್ತಕವೂ ರೂಪಾಯಿಯೂ ಇರುವಾಗ, ಇವೊಂದೂ ಇಲ್ಲದ ಇನ್ನೊಂದರ ವಿಷಯದಲ್ಲಿ ಅವಳು ಮೌನವಾಗಿದ್ದರೆ ಅದಕ್ಕೆ ಅಜ್ಞಾನವೆಂದು ಹೆಸರಿಡುವುದು ಅವಸರದ ತೀರ್ಪಾದೀತು.

ಅಳತೆಗೋಲಿನಲ್ಲಿಯೂ ಒಂದು ತೊಡಕುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 24 ವರ್ಷದ ಸ್ತ್ರೀಯರಲ್ಲಿ ನೈರ್ಮಲ್ಯದ ವಿಧಾನ ಬಳಸುವವರ ಪ್ರಮಾಣವನ್ನು 2015-16ರಲ್ಲಿ ಶೇಕಡಾ 57.6 ಎಂದೂ, 2019-21ರಲ್ಲಿ ಶೇಕಡಾ 77.3 ಎಂದೂ ಕೊಡುತ್ತದೆ. ಈ ಗಣನೆಯಲ್ಲಿ ಬಟ್ಟೆಗೆ ಸ್ಥಾನವಿಲ್ಲ. ಎಷ್ಟು ಶುಭ್ರವಾಗಿ ಒಗೆದು, ಎಷ್ಟು ಬಿಸಿಲಿಗೆ ಹರವಿದರೂ ಅದು ವ್ಯಾಖ್ಯೆಯ ಹೊರಗೇ ಉಳಿಯುತ್ತದೆ. ಅದೇ ಎರಡನೆಯ ಸಮೀಕ್ಷೆಯಲ್ಲಿ ಪ್ಯಾಡು ಬಳಸುವವರು ಶೇಕಡಾ 64, ಬಟ್ಟೆ ಬಳಸುವವರು ಶೇಕಡಾ 50. ಎರಡನ್ನು ಕೂಡಿಸಿದರೆ ನೂರನ್ನು ಮೀರುವುದರಿಂದ, ಒಬ್ಬಳೇ ಹೆಣ್ಣುಮಗಳು ಶಾಲೆಗೆ ಪ್ಯಾಡನ್ನೂ ಮನೆಯಲ್ಲಿ ಬಟ್ಟೆಯನ್ನೂ ಬಳಸುವಂಥ ಮಿಶ್ರ ಪದ್ಧತಿ ವ್ಯಾಪಕವಾಗಿರಬೇಕು. ಇತ್ತ 2021ರಲ್ಲಿ ಭಾರತೀಯ ಮಾನಕ ಬ್ಯೂರೋ ಮರುಬಳಕೆಯ ಪ್ಯಾಡಿಗೆ ಐಎಸ್ 17514 ಎಂಬ ಪ್ರತ್ಯೇಕ ಮಾನಕವನ್ನೇ ರೂಪಿಸಿತು. ಒಂದು ಕಚೇರಿ ಮಾನಕ ಕೊಟ್ಟ ವಸ್ತುವಿನ ಹತ್ತಿರದ ನೆಂಟನನ್ನು ಇನ್ನೊಂದು ಕಚೇರಿ ಲೆಕ್ಕದಿಂದ ಹೊರಗಿಡುತ್ತಿರುವಾಗ, ಉಪಕೇಂದ್ರದ ಕಾರ್ಯಕರ್ತೆ ಯಾರ ಮಾತನ್ನು ಹಿಡಿಯಬೇಕು?

ಈಗ ವಿವಾದದ ಮುಖ್ಯಾಂಶಕ್ಕೆ ಬರಬಹುದು. ಬಟ್ಟೆಯ ವಿರುದ್ಧ ಸಾಮಾನ್ಯವಾಗಿ ಮುಂದಿಡುವ ಆಧಾರವೆಂದರೆ ದಾಸ್ ಮತ್ತು ಸಂಗಡಿಗರು ಒಡಿಶಾದ 486 ಸ್ತ್ರೀಯರನ್ನು ಕುರಿತು 2015ರಲ್ಲಿ ಪ್ರಕಟಿಸಿದ ಆಸ್ಪತ್ರೆ ಆಧಾರಿತ ಅಧ್ಯಯನ. ಬಿಸಾಡುವ ಪ್ಯಾಡು ಬಳಸುವವರಿಗೆ ಹೋಲಿಸಿದರೆ ಮರುಬಳಕೆಯ ಬಟ್ಟೆಯನ್ನು ನೆಚ್ಚಿದವರಲ್ಲಿ ಜನನ-ಮೂತ್ರಾಂಗಗಳ ಸೋಂಕು ದೃಢಪಡುವ ಸಂಭವಾನುಪಾತ 2.8ರಷ್ಟಿದ್ದಿತೆಂಬುದು ಅದರ ಪ್ರಸಿದ್ಧವಾದ ಫಲಿತಾಂಶ. ಈ ಒಂದು ಅಂಕೆಯಿಂದಲೇ ಬಟ್ಟೆಯೆಂದರೆ ಸೋಂಕು ಎಂಬ ಸಮೀಕರಣವನ್ನು ಹಲವರು ತೆಗೆದಿರುವರು. ಆದರೆ ಅದೇ ಅಧ್ಯಯನದಲ್ಲಿ ಮನೆಯ ಸಿರಿವಂತಿಕೆಯೂ, ಮೈ ತೊಳೆದುಕೊಳ್ಳಲು ಮನೆಯೊಳಗೆ ಪ್ರತ್ಯೇಕ ಸ್ಥಳವಿರುವುದೂ ಒಂದು ಬಗೆಯ ಸೋಂಕಿನಿಂದ ರಕ್ಷಣೆ ಕೊಡುವುದಾಗಿ ಕಂಡುಬಂದಿತ್ತೆಂಬುದನ್ನು ಉದ್ಧರಿಸುವವರು ವಿರಳ. ಬಟ್ಟೆ, ಬಡತನ, ಬಚ್ಚಲಿಲ್ಲದ ಮನೆ ಒಂದೆಡೆ ಸೇರುವುದು ನಮ್ಮ ದೇಶದಲ್ಲಿ ಆಕಸ್ಮಿಕವಲ್ಲ. ಅವುಗಳನ್ನು ಗಣಿತದಿಂದ ಬಿಡಿಸಬಹುದಾದರೂ ಪೂರ್ತಿಯಾಗಿ ಬಿಡಿಸಬಹುದೆಂಬ ಭರವಸೆ ಕಷ್ಟ.

ಇದಕ್ಕಿಂತ ಮಹತ್ತ್ವದ್ದು ಟೊರೊಂಡೆಲ್ ಮತ್ತು ಸಂಗಡಿಗರು ಅದೇ ಒಡಿಶಾದ 558 ಸ್ತ್ರೀಯರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿಯೂ ಮರುಬಳಕೆಯವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚೇ. ಆದರೆ ಮರುಬಳಕೆಯವರೊಳಗೇ ಭೇದ ಮಾಡಿ ನೋಡಿದಾಗ, ಬಟ್ಟೆಯನ್ನು ಮನೆಯೊಳಗೆ ಒಣಗಿಸಿದವರಲ್ಲಿ ಆ ಸೋಂಕು ಸುಮಾರು ಇಮ್ಮಡಿಯಾಗಿದ್ದಿತು. ಶೌಚಾಲಯದಲ್ಲಿ ಬಚ್ಚಿಟ್ಟವರಲ್ಲಿಯೂ ಹೆಚ್ಚು. ಅಂದಮೇಲೆ ದೋಷವು ಬಟ್ಟೆಯ ಸ್ವಭಾವದಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಒಣಗುವ ಸ್ಥಳದಲ್ಲಿಯೂ ಅಡಗುವ ಮೂಲೆಯಲ್ಲಿಯೂ ಇರಬಹುದೆಂದು ಊಹಿಸಲು ಅವಕಾಶವುಂಟು.

ಆದರೂ ಈ ಎರಡನೆಯ ಅಧ್ಯಯನವನ್ನು ಯಥಾವತ್ತಾಗಿ ಜೋಯಿಡಾಕ್ಕೆ ಒಯ್ಯುವುದರಲ್ಲಿ ನನಗೆ ಸಂಕೋಚವಿದೆ. ಕಾಳಿ ನದಿ ಹುಟ್ಟುವ ದಿಗ್ಗಿಯ ಕಾಡಿನಿಂದ ಕ್ಯಾಸಲ್‌ರಾಕಿನವರೆಗಿನ ಘಟ್ಟದ ಅಂಚಿನಲ್ಲಿ ಮುಂಗಾರು ಹಿಡಿದರೆ ವಾರಗಟ್ಟಲೆ ಬಿಸಿಲಿನ ಸುಳಿವಿರುವುದಿಲ್ಲ. ಹಳಿಯಾಳದ ಪೂರ್ವಭಾಗವೂ ಮುಂಡಗೋಡವೂ ಧಾರವಾಡ, ಹಾವೇರಿಗಳ ಬಯಲಿಗೆ ಹತ್ತಿದ ನೆಲ, ಅಲ್ಲಿ ಮಳೆ ಬಿಡುವು ಕೊಡುತ್ತದೆ. ಹಳಿಯಾಳದಿಂದ ಬೇರ್ಪಟ್ಟ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಪಟ್ಟಣವೊಂದು ಕಡೆ, ಹುಲಿ ಸಂರಕ್ಷಿತ ಕಾಡು ಇನ್ನೊಂದು ಕಡೆ. ಬಟ್ಟೆಯನ್ನು ಬಿಸಿಲಿಗೆ ಒಣಗಿಸಿರಿ ಎಂಬ ಒಂದೇ ವಾಕ್ಯ ಮುಂಡಗೋಡದಲ್ಲಿ ಉಪದೇಶ, ಆಷಾಢದ ಜೋಯಿಡಾದಲ್ಲಿ ಪರಿಹಾಸ. ಕುಣಬಿ, ಸಿದ್ದಿ, ಗೌಳಿ ಮನೆಗಳ ಹೆಂಗಸರು ಆ ಕಾಲದಲ್ಲಿ ಬಟ್ಟೆಯನ್ನು ಮನೆಯೊಳಗೆ ಒಣಗಿಸುವರೆಂದರೆ ಅದರಲ್ಲಿ ನಾಚಿಕೆಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಮೊದಲು ಬಿಡಿಸಬೇಕು. (ಹಳೆಯ ಸೀರೆಯ ತುಂಡುಗಳಿಂದ ಕವದಿ ಹೊಲಿಯುವುದರಲ್ಲಿ ಹೆಸರಾದ ಸಿದ್ದಿ ಹೆಂಗಸರಿಗೆ ಬಟ್ಟೆಯ ಗುಣಧರ್ಮವನ್ನು ಹೊರಗಿನವರು ಕಲಿಸಬೇಕಾಗಿಲ್ಲವೆಂಬುದು ಪ್ರಾಸಂಗಿಕವಾದ ಮಾತು.)

ಇನ್ನೊಂದು ಆಕ್ಷೇಪವುಂಟು, ಇದೇ ನನ್ನ ಮುಖ್ಯ ಆಕ್ಷೇಪ. 'ಮನೆಯೊಳಗೆ' ಎಂಬ ಒಂದೇ ವರ್ಗದಲ್ಲಿ ಟೊರೊಂಡೆಲ್ ಅವರ ವರ್ಗೀಕರಣವು ಎರಡು ಭಿನ್ನ ಸ್ಥಿತಿಗಳನ್ನು ಬೆರೆಸಿದಂತಿದೆ: ಇತರ ಬಟ್ಟೆಗಳ ಅಡಿಯಲ್ಲಿ, ಕತ್ತಲೆಯ ಮೂಲೆಯಲ್ಲಿ ತೇವವಾಗಿಯೇ ಉಳಿಯುವುದು ಒಂದು; ಮಲೆನಾಡಿನ ಮಳೆಗಾಲದಲ್ಲಿ ಎಲ್ಲ ಬಟ್ಟೆಗಳಿಗೂ ಗತಿಯಾದ ಬಚ್ಚಲೊಲೆಯ ಬಿಸಿಗೆ ಗರಿಗರಿಯಾಗಿ ಒಣಗುವುದು ಮತ್ತೊಂದು. ಶಿಲೀಂಧ್ರಕ್ಕೆ ತೇವ ಬೇಕೆಂಬುದು ನಿರ್ವಿವಾದವಾಗಿರುವುದರಿಂದ, ಒಲೆಯ ಬಿಸಿಗೆ ಪೂರ್ಣವಾಗಿ ಒಣಗಿದ ಬಟ್ಟೆ ಬಿಸಿಲಿಗೆ ಒಣಗಿದ ಬಟ್ಟೆಯ ಸಮೀಪಕ್ಕೆ ಬರಬಹುದೆಂದು ನಾನು ಸೂಚಿಸಬಯಸುತ್ತೇನೆ. ಇದು ಸೂಚನೆ, ಸಿದ್ಧಾಂತವಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಮಾಡುವ ಕೆಲಸವನ್ನು ಒಲೆಯ ಶಾಖ ಮಾಡಲಾರದು. ಹೊಗೆ, ಮಸಿಗಳ ಪರಿಣಾಮ ಬೇರೆ ಪರೀಕ್ಷೆಯನ್ನು ಬೇಡುತ್ತದೆ. ಮುಟ್ಟಾದವಳು ಒಲೆಯ ಬಳಿ ಸುಳಿಯಬಾರದೆಂಬ ಕಟ್ಟಳೆಯುಳ್ಳ ಮನೆಯಲ್ಲಿ ಈ ಉಪಾಯವೇ ಅಲಭ್ಯ. ಇಷ್ಟು ನಿರ್ಬಂಧಗಳೊಡನೆಯೂ, ಬಿಸಿಲು ಅಥವಾ ಪ್ಯಾಡು ಎಂಬ ಎರಡೇ ದಾರಿಗಳನ್ನು ಕಾರ್ಯಕರ್ತೆಯ ಮುಂದಿಡುವ ತರಬೇತಿಗಿಂತ ಒಣಗುವಿಕೆಯ ಪೂರ್ಣತೆಯನ್ನು ಮುಂದಿಡುವ ತರಬೇತಿ ಈ ಸೀಮೆಗೆ ಹೆಚ್ಚು ಒಪ್ಪುವುದೆಂದು ನನ್ನ ಎಣಿಕೆ.

ಮಳೆಯ ಹಂಗಿಲ್ಲದ ಮರುಬಳಕೆಯ ಸಾಧನವೆಂದರೆ ಕಪ್ಪು. ಅದಕ್ಕೆ ಕುದಿವ ನೀರು ಬೇಕು, ಬಿಸಿಲು ಬೇಡ. ವ್ಯಾನ್ ಐಕ್ ಮತ್ತು ಸಂಗಡಿಗರು 43 ಅಧ್ಯಯನಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಅದರ ಸೋರಿಕೆಯು ಇತರ ಸಾಧನಗಳಿಗೆ ಸಮಾನ ಅಥವಾ ಕಡಿಮೆಯೆಂದು ಹೇಳುತ್ತದೆ. ಕೇರಳದ ಕುಂಬಳಂಗಿ 2022ರಲ್ಲಿ ಪ್ಯಾಡುಮುಕ್ತ ಪಂಚಾಯಿತಿಯೆನಿಸಿತು. 2023ರಲ್ಲಿ ನಮ್ಮ ರಾಜ್ಯವು 'ಶುಚಿ-ನನ್ನ ಮೈತ್ರಿ' ಎಂಬ ಹೆಸರಿನಲ್ಲಿ ಕಪ್ಪು ಹಂಚಲು ಆರಿಸಿಕೊಂಡದ್ದು ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳನ್ನು. ಮಳೆಯ ದೃಷ್ಟಿಯಿಂದ ದಕ್ಷಿಣ ಕನ್ನಡದ ಅನುಭವ ಜೋಯಿಡಾಕ್ಕೆ ನೇರವಾಗಿ ಪ್ರಸ್ತುತ. ಆದರೆ ಕಪ್ಪಿನ ಹೆಸರು ಕೇಳಿರುವುದು ಒಂದು, ಅದನ್ನು ಮಡಚಿ ಒಳಗಿಡುವ ಬಗೆಯನ್ನು ಮತ್ತೊಬ್ಬಳಿಗೆ ಹೇಳಿಕೊಡಬಲ್ಲ ಅರಿವು ಇನ್ನೊಂದು. ಕಾಪರ್-ಟಿ ಅಳವಡಿಸುವ ತರಬೇತಿ ಹೊಂದಿದ ದಾದಿಗೆ ಈ ಎರಡನೆಯ ಅರಿವು ಸುಲಭಸಾಧ್ಯ. ಆಶಾ ಕಾರ್ಯಕರ್ತೆಗೆ ಅಷ್ಟು ಸುಲಭವಲ್ಲ. ಇಬ್ಬರನ್ನೂ ಆರೋಗ್ಯ ಕಾರ್ಯಕರ್ತೆಯರೆಂಬ ಒಂದೇ ಶೀರ್ಷಿಕೆಯಲ್ಲಿ ಎಣಿಸುವ ಪ್ರಶ್ನಾವಳಿಗಳು ಈ ಅಂತರವನ್ನು ಮುಚ್ಚಿಬಿಡುತ್ತವೆ.

ಇನ್ನೂ ಕೆಲವು ಪ್ರಶ್ನೆಗಳು ತೆರೆದೇ ಇವೆ. ಕಪ್ಪು ಬಳಸುವವರಲ್ಲಿ ಕಾಪರ್-ಟಿ ಸ್ಥಾನ ತಪ್ಪಿದ ಪ್ರಕರಣಗಳು ಮೇಲಿನ ಸಮೀಕ್ಷೆಯಲ್ಲಿಯೇ ದಾಖಲಾಗಿರುವುದರಿಂದ, ಎರಡನ್ನೂ ಒಟ್ಟಿಗೆ ಬಯಸುವವಳಿಗೆ ಉಪಕೇಂದ್ರದಲ್ಲಿ ಏನು ಹೇಳಬೇಕೆಂಬುದನ್ನು ಸ್ತ್ರೀರೋಗ ತಜ್ಞರು ನಿರ್ಣಯಿಸಬೇಕಾಗಿದೆ. ಒಲೆಯ ಬಿಸಿಗೆ ಒಣಗಿದ ಬಟ್ಟೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿದೆ. ಅರಿವಿನ ಸಮೀಕ್ಷೆಯನ್ನು ಬೇಸಗೆಯಲ್ಲೊಮ್ಮೆ, ಮಳೆ ಹಿಡಿದಾಗ ಮತ್ತೊಮ್ಮೆ, ಕನ್ನಡದಲ್ಲಿ ಮಾತ್ರವಲ್ಲದೆ ಕೊಂಕಣಿ, ಮರಾಠಿಗಳಲ್ಲಿಯೂ, ಮುಂಡಗೋಡದ ನಿರಾಶ್ರಿತರ ಶಿಬಿರಗಳಲ್ಲಿ ಟಿಬೆಟಿನ ಭಾಷೆಯಲ್ಲಿಯೂ ನಡೆಸಿದರೆ ಉತ್ತರಗಳು ಎಷ್ಟು ಬದಲಾಗುವವೆಂಬುದು ಆ ಕೆಲಸ ಕೈಗೊಳ್ಳುವವರಿಗೆ ಬಿಟ್ಟ ವಿಷಯ.