ಭೋರ್ ಘಾಟ್ ಅಲ್ಲ, ಭೋರ್

ಮುಂಬಯಿಯಲ್ಲಿ ನೆಲೆಸಿದ ನಮಗೆ ಭೋರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಘಾಟ್. ಕರ್ಜತ್ತಿನಲ್ಲಿ ಬಟಾಟೆ ವಡೆ ತಿಂದು ಮುಗಿಸುವಷ್ಟರಲ್ಲಿ ಗಾಡಿಯ ಹಿಂದೆ ಬೇರೆ ಎಂಜಿನು ಜೋಡಿಸಿರುತ್ತಾರೆ. ಸುರಂಗಗಳ ಕತ್ತಲೆ ಬೆಳಕಿನ ಆಟ ನೋಡುತ್ತ ನಾವು ಖಂಡಾಳಕ್ಕೆ ಏರುತ್ತೇವೆ. 1863ರಲ್ಲಿ ರೈಲಿಗೆ ತೆರೆದುಕೊಂಡ ಆ ಘಾಟಿಗೂ ನಾವು ಈಗ ಹೇಳಹೊರಟಿರುವ ಭೋರ್ ಎಂಬ ಊರಿಗೂ ಹೆಸರೊಂದನ್ನು ಬಿಟ್ಟರೆ ಬಳಕೆಯಿಲ್ಲ. ಘಾಟ್ ಇರುವುದು ಪುಣೆಯ ವಾಯವ್ಯಕ್ಕೆ. ಊರು ಇರುವುದು ಪುಣೆಯಿಂದ ದಕ್ಷಿಣಕ್ಕೆ, ಸುಮಾರು 50 ಕಿಲೋಮೀಟರು ದೂರದಲ್ಲಿ. ಹೆಸರಿನ ಈ ಗೊಂದಲದಿಂದಲೋ ಏನೋ, ಬೆಂಗಳೂರು ಹೆದ್ದಾರಿಯಲ್ಲಿ ಎಷ್ಟೋ ಸಲ ಹಾದುಹೋದ ನಾವು ಒಮ್ಮೆಯೂ ಭೋರ್ ಕಡೆ ತಿರುಗಿರಲಿಲ್ಲ.

ಕಾತ್ರಜ್ ಸುರಂಗ ದಾಟಿ, ಖೇಡ್-ಶಿವಾಪುರವನ್ನೂ ನಸರಾಪುರದ ಕವಲನ್ನೂ ಹಿಂದೆ ಹಾಕಿದರೆ ಕಾಪೂರಹೋಳ ಸಿಗುತ್ತದೆ. ಎಡಕ್ಕೆ ಹೋದರೆ ಪುರಂದರಗಡದ ಕಡೆ. ನಮ್ಮ ಪುರಂದರದಾಸರು ಹುಟ್ಟಿದ ಸ್ಥಳ ಇದೇ ಎಂದು ಬಹುಕಾಲ ನಂಬಿದ್ದವರಿದ್ದರು. ತೀರ್ಥಹಳ್ಳಿಯ ಬಳಿಯ ಆರಗ ಎಂಬ ವಾದ ಈಚೆಗೆ ಬಲಗೊಂಡಿದೆ. ಆ ಚರ್ಚೆಯನ್ನು ಇನ್ನೊಂದು ಸಂಚಿಕೆಗೆ ಬಿಡೋಣ. ಬಲಕ್ಕೆ ತಿರುಗಿದರೆ ಭೋರ್.

ಊರು ಚಿಕ್ಕದು. ನೀರಾ ನದಿಯ ದಂಡೆ, ತಾಲೂಕು ಕಚೇರಿ, ಬಸ್ ನಿಲ್ದಾಣ, ಪೇಟೆಬೀದಿ, ಸಂಸ್ಥಾನದ ಕಾಲದ ರಾಜವಾಡೆ. ಕಟ್ಟಿಗೆಯ ಕಂಬಗಳ, ಚೌಕದ ಅಂಗಳಗಳ ಈ ವಾಡೆಯನ್ನು ಭೋರಿಗೆ ಬಾರದವರೂ ನೋಡಿರುತ್ತಾರೆ, ಗೊತ್ತಿಲ್ಲದೆಯೇ ನೋಡಿರುತ್ತಾರೆ. ಹಿಂದಿ ಮರಾಠಿ ಚಿತ್ರಗಳವರಿಗೆ ಅರಮನೆ ಬೇಕಾದಾಗ ಇಲ್ಲಿಗೆ ಬರುವುದು ವಾಡಿಕೆ. ಪೇಟೆಯನ್ನು ಸುತ್ತಲು ಒಂದು ಗಂಟೆ ಸಾಕು. ಭೋರನ್ನು ತಿಳಿಯಬೇಕಾದರೆ ಪೇಟೆಯಿಂದ ತಲೆಯೆತ್ತಿ ಸುತ್ತಲಿನ ಬೆಟ್ಟಗಳನ್ನು ನೋಡಬೇಕು.

ಸಹ್ಯಾದ್ರಿ ಇಲ್ಲಿ ಕೈಬೆರಳುಗಳ ಹಾಗೆ ಪೂರ್ವಕ್ಕೆ ಚಾಚಿದೆ. ಬೆರಳುಗಳ ನಡುವೆ ಒಂದೊಂದು ಕಣಿವೆ, ಕಣಿವೆಗೊಂದು ಹೊಳೆ. ಈ ಕಣಿವೆಗಳಿಗೆ ಖೋರೆ, ಮಾವಳ ಎಂದು ಹೆಸರು: ರೋಹಿಡ ಖೋರೆ, ವೆಳವಂಡ ಖೋರೆ, ಹಿರಡಸ ಮಾವಳ, ಗುಂಜಣ ಮಾವಳ. ಒಂದೊಂದಕ್ಕೂ ಒಬ್ಬ ದೇಶಮುಖ, ಕಾವಲಿಗೆ ತಲೆಯ ಮೇಲೊಂದು ಕೋಟೆ. ಭೋರ್ ಸಂಸ್ಥಾನದ ತಾಲೂಕುಗಳ ಹೆಸರುಗಳನ್ನೇ ನೋಡಿ: ವಿಚಿತ್ರಗಡ, ರಾಜಗಡ, ಪ್ರಚಂಡಗಡ, ಸುಧಾಗಡ, ಪವನಮಾವಳ. ಐದರಲ್ಲಿ ನಾಲ್ಕು ಕೋಟೆಗಳ ಹೆಸರು. ಊರ ಹೆಸರಿನಿಂದ ತಾಲೂಕನ್ನು ಕರೆಯುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಇಲ್ಲಿ ಊರುಗಳು ಕೋಟೆಯ ನೆರಳಿನಲ್ಲಿ ಬೆಳೆದವು. ಕೋಟೆ ಯಾರದೋ ಕಣಿವೆ ಅವರದು.

ವಿಚಿತ್ರಗಡವೆಂದರೆ ರೋಹಿಡ. ಭೋರಿನಿಂದ ಅನತಿದೂರದ ಬಾಜಾರವಾಡಿಯಿಂದ ಹತ್ತಬೇಕು. ಎತ್ತರ 1100 ಮೀಟರಿಗೆ ಕೊಂಚ ಮೇಲೆ. ಒಂದರ ಹಿಂದೊಂದು ಮೂರು ಬಾಗಿಲು. ಮೂರನೆಯ ಬಾಗಿಲ ಬಳಿ ನಾವು ಬಹಳ ಹೊತ್ತು ನಿಂತೆವು. ಅಲ್ಲಿ ಮರಾಠಿಯಲ್ಲೂ ಪಾರಸಿಯಲ್ಲೂ ಕೊರೆದ ಶಾಸನವಿದೆ. ವಿಜಾಪುರದ ಮುಹಮ್ಮದ್ ಆದಿಲಶಾಹನು 1656ರ ಮೇ ತಿಂಗಳಲ್ಲಿ ಈ ಕೋಟೆಯನ್ನು ದುರಸ್ತಿ ಮಾಡಿಸಿದನೆಂದು ಅದರಿಂದ ತಿಳಿಯುತ್ತದೆ. ಇವನೇ ಗೋಳಗುಮ್ಮಟದ ಮುಹಮ್ಮದ್. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡು ಆ ಗುಮ್ಮಟದ ಕೆಳಗೆ ಮಲಗಿದ. ಶಾಲೆಯ ಪ್ರವಾಸದಲ್ಲಿ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದ ನಮ್ಮಂಥವರಿಗೆ, ಆ ದೊರೆಯ ಆಳ್ವಿಕೆಯ ಕೊನೆಯ ತಿಂಗಳುಗಳ ಗುರುತು ಪುಣೆ ಜಿಲ್ಲೆಯ ಒಂದು ಗುಡ್ಡದ ಮೇಲಿದೆ ಎಂದು ಯಾರೂ ಹೇಳಿರಲಿಲ್ಲ. ಈ ಕಣಿವೆಗಳೆಲ್ಲ ಆಗ ವಿಜಾಪುರದವು. ಒಂದು ಕಲ್ಲಿನ ಮೇಲೆ ಎರಡು ಭಾಷೆ ಕೂತದ್ದು ಆ ಆಡಳಿತದ ಪದ್ಧತಿ.

ವಿಜಾಪುರದ ಕೋಟೆ ಹೆಚ್ಚು ಕಾಲ ವಿಜಾಪುರದ್ದಾಗಿ ಉಳಿಯಲಿಲ್ಲ. ಶಿವಾಜಿಯ ಕೈಗೆ ಬಂತು. 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಇದೂ ಒಂದಾಯಿತು. 1670ರಲ್ಲಿ ಮರಳಿ ಬಂತು. ಕೋಟೆಗೆ ಕೈ ಬದಲಾದರೆ ನೋವಿಲ್ಲ. ಕೆಳಗಿನ ಹಳ್ಳಿಗಳ ಜನಕ್ಕೆ ಪ್ರತಿ ಸಲವೂ ಯಾವ ಕಡೆ ನಿಲ್ಲಬೇಕು ಎಂಬ ಪ್ರಶ್ನೆ ಏಳುತ್ತಿತ್ತು. ಅದು ಎಷ್ಟು ಕಠಿಣವಾದ ಪ್ರಶ್ನೆ ಎಂಬುದನ್ನು ಇಲ್ಲಿಯ ಎರಡು ಹಳ್ಳಿಗಳಿಂದ ತಿಳಿಯಬಹುದು.

ಒಂದು ಕಾರಿ. ಅಲ್ಲಿಯ ದೇಶಮುಖ ಕಾನ್ಹೋಜಿ ಜೇಧೆ. ಶಹಾಜಿ ವಿಜಾಪುರದ ಪರವಾಗಿ ಕರ್ನಾಟಕದಲ್ಲಿದ್ದಾಗ ಕಾನ್ಹೋಜಿಯೂ ಅವನ ಜೊತೆಗಿದ್ದವನು. 1648ರಲ್ಲಿ ಜಿಂಜಿಯ ಬಳಿ ಶಹಾಜಿಯನ್ನು ಸೆರೆಹಿಡಿದಾಗ, ಹಿಡಿದವರ ಮುಂದಾಳು ನಮ್ಮ ಮುಧೋಳದ ಬಾಜಿ ಘೋರ್ಪಡೆ. ಕಾನ್ಹೋಜಿಯೂ ಸೆರೆಯಾದ. ಮರುವರ್ಷದ ಬಿಡುಗಡೆಯ ಬೆಲೆ ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು: ಶಿವಾಜಿ ಕೊಂಡಾಣ, ಎಂದರೆ ಇಂದಿನ ಸಿಂಹಗಡವನ್ನು ಬಿಟ್ಟುಕೊಡಬೇಕು, ಅಣ್ಣ ಸಂಭಾಜಿ ಬೆಂಗಳೂರನ್ನೂ ಕಂದರ್ಪಿಯನ್ನೂ ಬಿಟ್ಟುಕೊಡಬೇಕು. ಪುಣೆಯ ಗುಡ್ಡವೂ ಬೆಂಗಳೂರಿನ ಕೋಟೆಯೂ ಒಂದೇ ತಕ್ಕಡಿಯಲ್ಲಿ ತೂಗಿದ ಕಾಲ ಅದು. ಬಿಡುಗಡೆಯಾದ ಕಾನ್ಹೋಜಿಯನ್ನು ಶಹಾಜಿ ಮಗನ ನೆರವಿಗೆಂದು ಮಾವಳಕ್ಕೆ ಕಳಿಸಿಕೊಟ್ಟ. ಶಹಾಜಿ ಮಾತ್ರ ದಕ್ಷಿಣದಲ್ಲೇ ಉಳಿದು, 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಮಡಿದ. ಅವನ ಸಮಾಧಿ ಅಲ್ಲಿದೆ.

1659ರ ಜೂನಿನಲ್ಲಿ ವಿಜಾಪುರದ ಫರ್ಮಾನು ಕಾರಿಗೆ ಬಂತು: ಅಫಜಲಖಾನ ಬರುತ್ತಿದ್ದಾನೆ, ಅವನ ಜೊತೆ ಸೇರು. ಸೇರದಿದ್ದರೆ ವತನು ಹೋಗುತ್ತದೆ. ವತನು ಹೋದರೆ ತಲೆತಲಾಂತರದ ಮನೆ, ಹೊಲ, ಮಾನ ಎಲ್ಲ ಹೋದ ಹಾಗೆ. ಕಾನ್ಹೋಜಿ ತನ್ನ ಐವರು ಮಕ್ಕಳೊಡನೆ ರಾಜಗಡಕ್ಕೆ ಹೋಗಿ, ಶಿವಾಜಿಯ ಮುಂದೆ ಕೈಗೆ ನೀರು ತೆಗೆದುಕೊಂಡು ವತನನ್ನು ಬಿಟ್ಟೆನೆಂದು ಧಾರೆಯೆರೆದ.

ಇನ್ನೊಂದು ಹಳ್ಳಿ ಉತ್ರೋಲಿ. ಭೋರಿನ ಮಗ್ಗುಲಲ್ಲೇ ಇದೆ. ಅಲ್ಲಿಯ ದೇಶಮುಖ ಖಂಡೋಜಿ ಖೋಪಡೆ ಅದೇ ವರ್ಷ ಅಫಜಲಖಾನನ ಕಡೆ ಸೇರಿದ. ನವೆಂಬರ್ 10ರಂದು ಪ್ರತಾಪಗಡದ ಕೆಳಗೆ ಖಾನ ಸತ್ತ. ತಲೆಮರೆಸಿಕೊಂಡ ಖಂಡೋಜಿಯ ಜೀವ ಉಳಿಸಬೇಕೆಂದು ಶಿವಾಜಿಯ ಬಳಿ ಬೇಡಿಕೊಂಡವರಲ್ಲಿ ಕಾನ್ಹೋಜಿಯೂ ಇದ್ದ. ಜೀವ ಉಳಿಯಿತು, ಒಂದು ಕೈ, ಒಂದು ಕಾಲು ಉಳಿಯಲಿಲ್ಲ. ವೈರಿಗಾಗಿ ಕತ್ತಿ ಹಿಡಿದ ಕೈ, ವೈರಿಯ ಕಡೆ ನಡೆದ ಕಾಲು ಎಂಬುದು ಆ ಶಿಕ್ಷೆಯ ಅರ್ಥ. ಖಂಡೋಜಿಯನ್ನು ದ್ರೋಹಿ ಎಂದು ಬರೆದು ಮುಗಿಸುವುದು ರೂಢಿ. ನಮಗೆ ಅಷ್ಟು ಸುಲಭವಾಗಿ ತೋರುವುದಿಲ್ಲ. ಅಧಿಕೃತ ದೊರೆಯ ಆಜ್ಞೆಯಂತೆ ನಡೆದವನು ಅವನು. ಆಜ್ಞೆ ಮೀರಿದವನು ಕಾನ್ಹೋಜಿ. ಪ್ರತಾಪಗಡದ ಕೆಳಗೆ ಆ ಮಧ್ಯಾಹ್ನ ಬೇರೆ ರೀತಿ ಮುಗಿದಿದ್ದರೆ ಕಾರಿಯ ಮನೆತನಕ್ಕೆ ಏನು ಗತಿ ಆಗುತ್ತಿತ್ತೆಂದು ಊಹಿಸಬಹುದು. ಕಾನ್ಹೋಜಿಗೂ ಇದು ತಿಳಿದಿದ್ದೀತು. ನೆರೆಯವನಿಗಾಗಿ ಬೇಡಲು ಹೋದದ್ದು ಅದಕ್ಕೇ ಇರಬೇಕೆಂದು ನಮ್ಮ ಎಣಿಕೆ.

ಕಾರಿಯ ಜೇಧೆ ಮನೆತನಕ್ಕೆ ಇತಿಹಾಸಕಾರರು ಇನ್ನೊಂದು ಕಾರಣಕ್ಕೆ ಋಣಿಗಳು. 1618ರಿಂದ 1697ರವರೆಗಿನ ಘಟನೆಗಳನ್ನು ಶಕ, ತಿಥಿ ಸಹಿತ ಬರೆದಿಟ್ಟ ಹಸ್ತಪ್ರತಿಯೊಂದು ಆ ಮನೆಯಲ್ಲಿ ಉಳಿದಿತ್ತು. ಮನೆಯವರು ಅದನ್ನು ಲೋಕಮಾನ್ಯ ತಿಲಕರಿಗೆ ಕೊಟ್ಟರು. 1916ರಲ್ಲಿ ತಿಲಕರು ಪ್ರಕಟಿಸಿದರು. ಅದೇ ಜೇಧೆ ಶಕಾವಳಿ. ಶಿವಾಜಿ ಹುಟ್ಟಿದ್ದು 1627ರಲ್ಲಿ ಎಂದು ಅಲ್ಲಿಯವರೆಗೆ ಬರೆಯುತ್ತಿದ್ದವರು, 1630ರ ಫೆಬ್ರವರಿ 19 ಎಂದು ತಿದ್ದಿಕೊಳ್ಳಲು ಮುಖ್ಯ ಆಧಾರವಾದದ್ದು ಈ ಶಕಾವಳಿ. ನಮ್ಮ ಊರುಗಳ ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾದ ಕಡತಗಳ ನೆನಪಾಗಿ ಹೊಟ್ಟೆ ಉರಿಯಿತು.

ಇದೇ ಹಿರಡಸ ಮಾವಳದ ಸಿಂದ್ ಗ್ರಾಮ ಬಾಜಿಪ್ರಭು ದೇಶಪಾಂಡೆಯ ಊರು. ಪನ್ಹಾಳದಿಂದ ವಿಶಾಲಗಡಕ್ಕೆ ಶಿವಾಜಿ ಪಾರಾಗುವವರೆಗೆ ಕಣಿವೆಯ ಬಾಯಿ ಕಾದು 1660ರ ಜುಲೈಯಲ್ಲಿ ಮಡಿದವನ ಕತೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಪಾಠ.

ಸಂಸ್ಥಾನದ ಹುಟ್ಟೂ ಇಂಥದೇ ಇಕ್ಕಟ್ಟಿನಿಂದ. ರಾಜಾರಾಮನ ಕಾಲದಲ್ಲಿ, 1697ರಲ್ಲಿ, ಶಂಕರಾಜಿ ನಾರಾಯಣ ಎಂಬ ಸಮರ್ಥನು ಸಚಿವನಾದ. ಇಂದು ನಮ್ಮಲ್ಲಿ ಸಚಿವರೆಂದರೆ ಮಂತ್ರಿಗಳು. ಅಂದಿನ ಅಷ್ಟಪ್ರಧಾನರಲ್ಲಿ ಸಚಿವನೆಂದರೆ ರಾಜಪತ್ರಗಳನ್ನು, ಲೆಕ್ಕಗಳನ್ನು ಪರಿಶೀಲಿಸುವವನು. ಅವನ ವಂಶದವರೇ ಭೋರಿನ ಪಂತ ಸಚಿವರು. ರಾಜಾರಾಮನ ನಂತರ ಶಂಕರಾಜಿ ತಾರಾಬಾಯಿಗೆ ನಿಷ್ಠೆಯ ಶಪಥ ಮಾಡಿದ್ದ. 1707ರಲ್ಲಿ ಔರಂಗಜೇಬ ಸತ್ತ ಮೇಲೆ ಮೊಗಲರ ಸೆರೆಯಿಂದ ಸಂಭಾಜಿಯ ಮಗ ಶಾಹು ಮರಳಿ ಬಂದ. ವಂಶದ ಹಕ್ಕು ನೋಡಿದರೆ ಹಿರಿಯ ಶಾಖೆಯ ಶಾಹು; ಕೊಟ್ಟ ಮಾತು ನೋಡಿದರೆ ತಾರಾಬಾಯಿ. ಶಂಕರಾಜಿ ಎರಡರಲ್ಲಿ ಯಾವುದನ್ನೂ ಮುರಿಯಲಾರದೆ ಭೋರಿನ ದಕ್ಷಿಣಕ್ಕಿರುವ ಆಂಬವಡೆಯಲ್ಲಿ ಪ್ರಾಣ ಕಳೆದುಕೊಂಡ. ಶಾಹು ಸೇಡು ತೀರಿಸಲಿಲ್ಲ; ಶಂಕರಾಜಿಯ ಹಸುಳೆ ಮಗ ನಾರೋಶಂಕರನಿಗೇ ಸಚಿವ ಪದವಿ ಕೊಟ್ಟ.

ಆಂಬವಡೆಯಲ್ಲಿ ನಾಗೇಶ್ವರನ ಗುಡಿ ಇದೆ. ದಟ್ಟ ಮರಗಳ ನೆರಳು, ಕೆಳಗೆ ಹಳ್ಳ. ಹಳ್ಳ ದಾಟಲು ಸಂಸ್ಥಾನದ ಕಾಲದ ತೂಗುಸೇತುವೆ. ಅಲ್ಲಿಗೆ ಬರುವ ಜನ ಹೆಚ್ಚಾಗಿ ತೂಗುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾವೂ ತೆಗೆಸಿಕೊಂಡೆವು, ಸುಳ್ಳೇಕೆ.

ಆ ಹಸುಳೆಯಿಂದ ಮುಂದುವರಿದ ಸಂಸ್ಥಾನ 925 ಚದರ ಮೈಲಿ ಇತ್ತು; 1901ರ ಜನಗಣತಿಯಲ್ಲಿ 1,37,268 ಜನ. ಘಟ್ಟದ ಮೇಲೆ ಭೋರ್, ಘಟ್ಟದ ಕೆಳಗೆ ಕೊಂಕಣದಲ್ಲಿ ಸುಧಾಗಡ. ಅಷ್ಟವಿನಾಯಕರಲ್ಲಿ ಒಂದಾದ ಪಾಲಿಯೂ ಭೋರಿನ ಅಧೀನವೇ. 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ದಿನ ವಿಲೀನವಾದ ದಕ್ಷಿಣ ಸಂಸ್ಥಾನಗಳಲ್ಲಿ ನಮ್ಮ ಜಮಖಂಡಿ, ಮುಧೋಳಗಳೂ ಇದ್ದವು. ಎಂಟು ವರ್ಷ ಒಂದೇ ರಾಜ್ಯದ ಪ್ರಜೆಗಳಾಗಿದ್ದು, 1956ರಲ್ಲಿ ಅವು ಮೈಸೂರಿಗೆ ಬಂದವು. ಭೋರ್ ಪುಣೆ ಜಿಲ್ಲೆಯ ತಾಲೂಕಾಗಿ ಉಳಿಯಿತು.

ರಾಯರೇಶ್ವರಕ್ಕೆ ಹೋಗದೆ ಭೋರ್ ನೋಡಿದೆವೆನ್ನುವಂತಿಲ್ಲ. 1645ರಲ್ಲಿ ಹದಿಹರೆಯದ ಶಿವಾಜಿ ಗೆಳೆಯರೊಡನೆ ಸ್ವರಾಜ್ಯದ ಶಪಥ ಮಾಡಿದ್ದು ಇಲ್ಲಿಯ ಶಿವಾಲಯದಲ್ಲಿ ಎಂದು ಪ್ರತೀತಿ. ಇದಕ್ಕೆ ಆಧಾರವಾಗಿ ತೋರಿಸುವ ಪತ್ರದ ಸತ್ಯಾಸತ್ಯತೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಗಮನ ಹೋದದ್ದು ಬೇರೆ ಕಡೆ. ಕಬ್ಬಿಣದ ಏಣಿ ಹತ್ತಿ ಮೇಲೆ ಹೋದರೆ ಮೈಲಿಗಟ್ಟಲೆ ಹಬ್ಬಿದ ಬಯಲು. ಆ ಬಯಲಿನಲ್ಲಿ ವಸತಿ ಮಾಡಿಕೊಂಡಿರುವವರು ಜಂಗಮರು. ತಲೆಮಾರುಗಳಿಂದ ಶಿವಪೂಜೆ, ಒಂದಿಷ್ಟು ಹೊಲ, ದನಕರು. ಆಡುವ ಮಾತು ಮರಾಠಿ. ಆದರೂ ಜಂಗಮ ಎಂಬ ಮಾತನ್ನು ಅಷ್ಟು ಎತ್ತರದಲ್ಲಿ ಕೇಳಿದಾಗ ನಮ್ಮ ತಂಡದ ಧಾರವಾಡದ ಹಿರಿಯರೊಬ್ಬರು ಥಟ್ಟನೆ ಎದ್ದು ಕೈಮುಗಿದರು.

ಈಗ ನೀರಿನ ಮಾತು. ಭೋರ್ ಸಮೀಪದ ಭಾಟಘರದಲ್ಲಿ ನೀರೆಗೆ ಸೇರುವ ವೇಳವಂಡಿ ನದಿಗೆ ಅಡ್ಡಲಾಗಿ ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಕಟ್ಟೆ ಕಟ್ಟಿದ್ದರು. ಸಾಲದಾಗಿ 1928ರಲ್ಲಿ ದೊಡ್ಡದನ್ನು ಮುಗಿಸಿದರು. ಗವರ್ನರನ ಹೆಸರಿನಲ್ಲಿ ಅದು ಲಾಯ್ಡ್ ಅಣೆಕಟ್ಟು. 23.5 ಟಿಎಂಸಿ ನೀರು ನಿಲ್ಲುತ್ತದೆ. ನೀರು ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುವ 45 ಬಾಗಿಲುಗಳಿವೆ. ಇಂಥ ಸ್ವಯಂಚಾಲಿತ ಬಾಗಿಲೆಂದರೆ ನಮಗೆ ವಿಶ್ವೇಶ್ವರಯ್ಯನವರ ನೆನಪು. 1903ರಲ್ಲಿ ಅವರು ತಮ್ಮ ಮಾದರಿಯ ಬಾಗಿಲುಗಳನ್ನು ಮೊದಲು ಕೂಡಿಸಿದ್ದು ಪುಣೆಯ ಮತ್ತೊಂದು ಬದಿಯ ಖಡಕ್‌ವಾಸ್ಲಾದಲ್ಲಿ. ಭಾಟಘರದ ನೀರು ಕಾಲುವೆ ಹಿಡಿದು ಬಾರಾಮತಿ, ಫಲಟಣಗಳ ಕಬ್ಬಿಗೆ ಹೋಗುತ್ತದೆ. ಮಳೆ ಭೋರಿನ ಗುಡ್ಡಕ್ಕೆ, ಸಕ್ಕರೆ ಕೆಳಗಿನವರಿಗೆ. ಮುಳುಗಿದ್ದು ಮಾತ್ರ ಇಲ್ಲಿಯ ಗದ್ದೆ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ವೆಳವಂಡದ ಬಳಿ ಕಾಂಬರೇಶ್ವರನ ಕಲ್ಲುಗುಡಿ ಮೇಲೇಳುತ್ತದೆ. ಸುತ್ತಲಿನ ಹಳ್ಳಿಯವರು ಬಂದು ಪೂಜೆ ಮಾಡುತ್ತಾರೆ. ಮಳೆಗಾಲ ಹಿಡಿದರೆ ದೇವರು ಮತ್ತೆ ನೀರಿಗೆ.

ಕಾಲುವೆಗಳಿಗೆ ಹೋಗಿ ಉಳಿದ ನೀರೆ ಪೂರ್ವಕ್ಕೆ ಹರಿದು ನರಸಿಂಹಪುರದಲ್ಲಿ ಭೀಮೆಯನ್ನು ಸೇರುತ್ತದೆ. ನೀರಾ ನರಸಿಂಹಪುರವೆಂದರೆ ವಿಜಾಪುರ, ಕಲಬುರ್ಗಿ ಕಡೆಯ ಎಷ್ಟೋ ಮನೆತನಗಳಿಗೆ ಕುಲದೈವದ ಊರು. ಅಲ್ಲಿಂದ ಮುಂದೆ ಪಂಢರಪುರ; ವಿಠ್ಠಲನ ಮುಂದಿನ ಚಂದ್ರಭಾಗೆಯಲ್ಲಿ ಭೋರಿನ ಮಳೆಯೂ ಇದೆ. ಇನ್ನೂ ಮುಂದೆ ಗಾಣಗಾಪುರ, ಸನ್ನತಿ. ಕೊನೆಗೆ ರಾಯಚೂರಿನ ಕಡೆ ಕೃಷ್ಣೆ.

ಮರಳುವಾಗ ನಾವು ಶಿರವಳದ ಕಡೆಯಿಂದ ಹೆದ್ದಾರಿ ಸೇರಿದೆವು. ಅಲ್ಲಿ ನೀರೆಯ ಮೇಲೆ ಸೇತುವೆ ಇದೆ. ಆಚೆ ಸಾತಾರ ಜಿಲ್ಲೆ, ಈಚೆ ಪುಣೆ. ಬೆಂಗಳೂರಿನ ಬಸ್ಸುಗಳು ರಾತ್ರಿ ಆ ಸೇತುವೆ ದಾಟುವಾಗ ಒಳಗಿನವರೆಲ್ಲ ನಿದ್ರೆಯಲ್ಲಿರುತ್ತಾರೆ. ಹಗಲಿನ ಪ್ರಯಾಣವಾದರೆ, ಬೆಂಗಳೂರಿನತ್ತ ಹೋಗುವವರು ಬಲಗಡೆಯ ಕಿಟಕಿ ಹಿಡಿದು ಕೂತುಕೊಳ್ಳಿ. ದೂರದಲ್ಲಿ ನೀಲಿಯಾಗಿ ಕಾಣುವ ಸಾಲೇ ಭೋರಿನ ಬೆಟ್ಟಗಳು.